ನಾಲ್ಕೇ ಮೈಕ್, ಸ್ನೇರ್ ಯಾಕೆ ತೆಳ್ಳಗೆ ಕೇಳುತ್ತೆ?

ತೀರ್ಥಹಳ್ಳಿಯ ಹೆಂಚಿನ ಮನೆಯಲ್ಲಿ ಡ್ರಮ್ಮರೇ ಮುಂದಾಳಾಗಿರೋ ಫ್ಯೂಷನ್ ಬ್ಯಾಂಡಿನ ಮೊದಲ ಆಲ್ಬಮ್, ನಾಲ್ಕು ಮೈಕ್, ಸ್ನೇರಿಗೆ (ತಳದಲ್ಲಿ ತಂತಿ ಬಿಗಿದ ಡ್ರಮ್) ತೂಕವೇ ಇಲ್ಲ ಅಂದಿದ್ದೀರಿ. ಮೈಕ್ ಬದಲಾಯಿಸಬೇಡಿ ಸರ್, ಇದು ಬಹುಪಾಲು ಫೇಸ್ ಸಮಸ್ಯೆ, ಅಂದ್ರೆ ಒಂದೇ ಸದ್ದು ಎರಡು ಮೈಕಿಗೆ ಬೇರೆಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಅಳಿಸೋದು. ಎರಡು ಓವರ್‌ಹೆಡ್‌ಗಳು (ಇಡೀ ಸೆಟ್ಟಿನ ಸದ್ದು ಹಿಡಿಯೋ ಮೈಕುಗಳು) ಸ್ನೇರಿಂದ ಬೇರೆಬೇರೆ ದೂರದಲ್ಲಿದ್ದರೆ ಹೀಗಾಗುತ್ತೆ. 34 ಸೆಂ.ಮೀ. ವ್ಯತ್ಯಾಸ ಅಂದ್ರೆ ಸುಮಾರು 1 ಮಿಲಿಸೆಕೆಂಡ್. ಎರಡನ್ನೂ ಸೇರಿಸಿದಾಗ 500 ಹರ್ಟ್ಸ್ ಆಸುಪಾಸು ಕರಗಿಹೋಗುತ್ತೆ.

ಒಂದು ಓವರ್‌ಹೆಡ್ಡನ್ನು ಸ್ನೇರ್ ಮೇಲೆ ಸುಮಾರು 1 ಮೀಟರ್ ಎತ್ತರಕ್ಕೆ ಕಟ್ಟಿ. ಇನ್ನೊಂದು ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲೋ ದೊಡ್ಡ ಡ್ರಮ್) ಬದಿಗೆ, ಅದರ ಅಂಚಿಗಿಂತ ಒಂದು ಗೇಣು ಮೇಲೆ, ಹೈ-ಹ್ಯಾಟ್ (ಕಾಲಿಂದ ಮುಚ್ಚಿ ತೆರೆಯೋ ಜೋಡಿ ತಾಳ) ಕಡೆ ಮುಖಮಾಡಿ. ಸ್ನೇರ್ ನಡುವಿಂದ ಎರಡಕ್ಕೂ ದಾರ ಹಿಡಿದು ಅಳೆಯಿರಿ, ದೂರ ಒಂದೇ ಇರಬೇಕು. ಉಳಿದವು ಕಿಕ್ಕಿಗೊಂದು (ಕಾಲಲ್ಲಿ ಬಾರಿಸೋ ಡ್ರಮ್), ಸ್ನೇರಿಗೊಂದು. ಈ ಎರಡರ ಪೊಲಾರಿಟಿಯನ್ನು (ಸಿಗ್ನಲ್ಲಿನ ಪ್ಲಸ್-ಮೈನಸ್ ದಿಕ್ಕು) ಒಂದೊಂದಾಗಿ ತಿರುಗಿಸಿ ನೋಡಿ, ತುಂಬಿ ಕೇಳೋದನ್ನೇ ಉಳಿಸಿಕೊಳ್ಳಿ.

ಗೇಟ್ (ಮೆಲುಸದ್ದನ್ನು ಕತ್ತರಿಸೋ ಸಾಧನ) ಮಾತ್ರ ಹಾಕಲೇಬೇಡಿ, ಘೋಸ್ಟ್ ನೋಟುಗಳು, ಅಂದ್ರೆ ಸ್ನೇರ್ ಮೇಲಿನ ಮೆಲುಪೆಟ್ಟುಗಳು, ಸತ್ತುಹೋಗುತ್ತವೆ. ಫ್ಯೂಷನ್ ಡ್ರಮ್ಮಿಂಗಿನ ಜೀವ ಅಲ್ಲೇ ಇರೋದು! ಫ್ಯೂಷನ್ ಡ್ರಮ್ಮರ್ ಬಿಲ್ಲಿ ಕಾಬಮ್ ನಾಯಕರಾಗಿ ಮಾಡಿದ ಮೊದಲ ಆಲ್ಬಮ್ 'ಸ್ಪೆಕ್ಟ್ರಮ್' (1973) ಹೆಡ್‌ಫೋನಲ್ಲಿ ಕೇಳಿ.

ಮೂಲೆಗಳಲ್ಲಿ ಹತ್ತಿ ಹಾಸಿಗೆ ನಿಲ್ಲಿಸಿ, ಸೆಟ್ಟನ್ನು ಕೋಣೆಯ ಸರಿಮಧ್ಯದಿಂದ ಸರಿಸಿ. ಹೆಂಚಿನ ಮೇಲಿನ ಮಳೆ ಸದ್ದು ಓವರ್‌ಹೆಡ್ಡಿಗೆ ಸೇರಿದರೆ ಆಮೇಲೆ ಸರಿಯಾಗಿ ತೆಗೆಯೋಕಾಗಲ್ಲ, ಹಾಗಾಗಿ ರೆಕಾರ್ಡಿಂಗನ್ನು ಮಳೆ ಮುಗಿದ ಡಿಸೆಂಬರಿಗೆ ಮುಂದೂಡೋದೇ ವಾಸಿ. ಅಲ್ಲಿವರೆಗೆ ಕಂಡೆನ್ಸರ್ ಮೈಕುಗಳನ್ನು ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವ ಹಿಡಿದರೆ ಚಟಪಟ ಸದ್ದು ಶುರು.