ದಿಮ್ಮಿಯ ಮೇಲೆ ಕುಳಿತವನ ದುಡಿಮೆ

ಮಾನ್ಯರೇ,

ಆಸ್ಟ್ರೇಲಿಯಾದ ಕಾಡು ಕಡಿದು ನೆಲೆಸಿದ ವಲಸಿಗರ ಚಿತ್ರಗಳ ಕುರಿತ ನಮ್ಮ ಲೇಖನವನ್ನು ಓದಿ, ಅಲ್ಲಿನ ಚಿತ್ರಕಾರ ಫ್ರೆಡರಿಕ್ ಮೆಕ್‌ಕಬಿನ್ ಅವರ, ಮೂರು ಫಲಕಗಳ ‘ದಿ ಪಯೊನೀರ್’ ಚಿತ್ರದ ಬಗ್ಗೆ ನೀವು ಹೀಗೆ ಕೇಳಿದ್ದೀರಿ: “ಮೂರು ಫಲಕಗಳಲ್ಲಿ ಒಬ್ಬರೂ ಮರ ಕಡಿಯುತ್ತಿಲ್ಲ. ದುಡಿಮೆ ಎಲ್ಲಿದೆ?”

1904ರ ಆ ಚಿತ್ರವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಎಡ ಫಲಕದಲ್ಲಿ ದಟ್ಟ ಕಾಡು. ಹೆಂಗಸೊಬ್ಬಳು ಚಿಂತೆಯಲ್ಲಿ ಕುಳಿತಿದ್ದಾಳೆ, ಹಿಂದೆ ಗಂಡ ಬೆಂಕಿ ಹೊತ್ತಿಸುತ್ತಿದ್ದಾನೆ. ನಡುವಿನ ಫಲಕಕ್ಕೆ ಬಂದರೆ ಕಾಡು ಹಿಂದೆ ಸರಿದು ಮನೆ ಎದ್ದಿದೆ, ಅವಳ ತೋಳಿನಲ್ಲಿ ಮಗುವಿದೆ, ಅವನು ಉರುಳಿದ ದಿಮ್ಮಿಯ ಮೇಲೆ ಕುಳಿತಿದ್ದಾನೆ. ಕಡಿದದ್ದು, ಬೇರು ಕಿತ್ತದ್ದು, ಸುಟ್ಟದ್ದು ಎಲ್ಲವೂ ಈ ಎರಡು ಫಲಕಗಳ ನಡುವೆ ನಡೆದುಹೋಗಿದೆ. ನಮ್ಮ ನೀಲಗಿರಿ ಮರದ ತವರು ಆ ನಾಡು. ಹಸಿ ನೀಲಗಿರಿಯನ್ನು ಕಡಿದವರಿಗೆ ಆ ದುಡಿಮೆ ತಿಳಿಯಲು ಅವನು ಕುಳಿತ ಭಂಗಿಯೇ ಸಾಕು. ಬಲ ಫಲಕದಲ್ಲಿ ಸಮಾಧಿಯೊಂದರ ಬಳಿ ಮೊಣಕಾಲೂರಿದ ಗಂಡಸು, ದೂರದಲ್ಲಿ ಮೆಲ್ಬರ್ನ್ ನಗರ. ಆ ನಗರವನ್ನು ಮೆಕ್‌ಕಬಿನ್ ಆಮೇಲೆ, 1905ರಲ್ಲಿ ಸೇರಿಸಿದರು.

ಕೈ ಆಡುತ್ತಿರುವ ದುಡಿಮೆಯೇ ಬೇಕೆಂದರೆ ಮೆಕ್‌ಕಬಿನ್ ಅವರ ಗೆಳೆಯ, ಚಿತ್ರಕಾರ ಟಾಮ್ ರಾಬರ್ಟ್ಸ್ ಅವರ ‘ವುಡ್ ಸ್ಪ್ಲಿಟರ್ಸ್’ (1886) ಇದೆ. ಮರ ಸೀಳುವ ಮೂವರು ನೋಡುಗನ ಕಡೆ ಗಮನವೇ ಕೊಡದೆ ಕೆಲಸದಲ್ಲಿ ಮುಳುಗಿದ್ದಾರೆ. ನನಗೆ ಹೆಚ್ಚು ಪ್ರಿಯವಾದದ್ದು ಇದೇ. ಅದರ ಹಿಂದಿನ ವರ್ಷ ರಾಬರ್ಟ್ಸ್, ಮೆಕ್‌ಕಬಿನ್ ಮತ್ತು ಲೂಯಿ ಅಬ್ರಹಾಮ್ಸ್ ಮೆಲ್ಬರ್ನ್ ಸಮೀಪದ ಬಾಕ್ಸ್ ಹಿಲ್‌ನಲ್ಲಿ ಚಿತ್ರ ಬಿಡಿಸಲು ಗುಡಾರ ಹಾಕಿದ್ದರು. ಅಲ್ಲಿಗೆ ರೈಲು ಬಂದು ಮೂರು ವರ್ಷವಷ್ಟೇ ಆಗಿತ್ತು. ಇವರೆಲ್ಲ ನಗರದ ಕಲಾವಿದರು. ‘ಪಯೊನೀರ್’ನ ಹೆಂಗಸಿಗೆ ಮಾದರಿಯಾದವರು ಮೆಕ್‌ಕಬಿನ್ ಅವರ ಪತ್ನಿ ಆನಿ. ಇದೇ ಬಳಗದ ಆರ್ಥರ್ ಸ್ಟ್ರೀಟನ್ ತಮ್ಮ ಚಿತ್ರದಲ್ಲಿ 1890ರಲ್ಲಿ ದಿಮ್ಮಿಯ ಮೇಲೆ ಕೂರಿಸಿದ ‘ವಲಸಿಗ’ ವೇಲನ್, ಕಲಾವಿದರು ತಂಗಿದ್ದ ಎಸ್ಟೇಟಿನ ಕಾವಲುಗಾರ. ನಿಜವಾದ ಬೆವರನ್ನು ಕಂಡವರೇ ಅದಕ್ಕೊಂದು ಪುರಾಣದ ಉಡುಪನ್ನೂ ತೊಡಿಸಿದರು.

ನೀವು ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಈ ಕಾಡುಗಳೆಲ್ಲ ಏಕೆ ಇಷ್ಟು ನಿರ್ಜನ? ಅದು ಮೂಲನಿವಾಸಿಗಳಾದ ವುರುಂಡ್ಜೆರಿ ಜನರ ನೆಲ. ಅವರ ಹಿರಿಯ ವಿಲಿಯಂ ಬರಾಕ್ ಅದೇ ದಶಕಗಳಲ್ಲಿ, ಮೆಲ್ಬರ್ನಿನಿಂದ ಹೆಚ್ಚು ದೂರವಿಲ್ಲದ ಮೂಲನಿವಾಸಿಗಳ ವಸತಿ ಕೊರಾಂಡರ್ಕ್‌ನಲ್ಲಿ ಕುಳಿತು ತಮ್ಮವರ ಆಚರಣೆಗಳನ್ನು ಬಿಡಿಸುತ್ತಿದ್ದರು. ಅವರು ತೀರಿಕೊಂಡದ್ದು 1903ರಲ್ಲಿ, ‘ಪಯೊನೀರ್’ಗೆ ಒಂದು ವರ್ಷ ಮೊದಲು. ಮುಂದಿನ ಸಂಚಿಕೆಯಲ್ಲಿ ಬರಾಕ್ ಅವರ ಚಿತ್ರವೊಂದು ಅಚ್ಚಾಗಲಿದೆ. ಅದನ್ನೂ ‘ಪಯೊನೀರ್’ ಅನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಮತ್ತೆ ಬರೆಯಿರಿ.

– ಸಂಪಾದಕ