ಸಣ್ಣ ಕಚೇರಿಯ ಸಿಬ್ಬಂದಿ ವಿಭಾಗ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಕೇರಳದ ಮಂಜೇಶ್ವರ ತಾಲೂಕಿನ ಒಂದು ಸಣ್ಣ ಸರಕಾರಿ ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದೇನೆ. ಖಾಯಂ ನೌಕರರು ಹದಿನಾಲ್ಕು ಮಂದಿ, ತಾತ್ಕಾಲಿಕವಾಗಿ ಇರುವವರು ಐದು ಮಂದಿ. ಮೊದಲಿದ್ದವರಿಗೆ ವರ್ಗವಾಗಿ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ (ಸಿಬ್ಬಂದಿ ವಿಭಾಗ) ನನ್ನ ಪಾಲಿಗೆ ಬಂದಿದೆ. ರಜೆ ಸಿಗದವರು ನನ್ನ ಮೇಲೆ ಸಿಟ್ಟಾಗುತ್ತಾರೆ, ಮೇಲಧಿಕಾರಿ ‘ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ. ನನ್ನ ಕೆಲಸ ಎಲ್ಲಿಂದ ಎಲ್ಲಿಯವರೆಗೆ?

ಉತ್ತರ: ರಜೆ ಕೊಡುವ, ತಡೆಯುವ ಅಧಿಕಾರ ಕಚೇರಿ ಮುಖ್ಯಸ್ಥರದು. ಅವರು ತೀರ್ಮಾನ ಮಾಡುವ ಮೊದಲು ನಿಯಮವನ್ನೂ ದಾಖಲೆಯನ್ನೂ ಬರಹದಲ್ಲಿ ಅವರ ಮುಂದಿಡುವುದು ನಿಮ್ಮ ಕೆಲಸ. ಅರ್ಜಿದಾರರು ಏನು ಕೇಳಿದ್ದಾರೆ, ಅವರ ಲೆಕ್ಕದಲ್ಲಿ ಎಷ್ಟು ರಜೆ ಇದೆ, ಕೇರಳ ಸರ್ವಿಸ್ ರೂಲ್ಸ್‌ನ ಯಾವ ನಿಯಮ ಅನ್ವಯಿಸುತ್ತದೆ, ಆ ದಿನಗಳಲ್ಲಿ ಅವರ ಸೀಟನ್ನು ಯಾರು ನೋಡಿಕೊಳ್ಳಬಹುದು ಎಂಬಿಷ್ಟು ಟಿಪ್ಪಣಿಯಲ್ಲಿದ್ದರೆ ಸಾಕು. ‘ನೀವೇ ನೋಡಿಕೊಳ್ಳಿ’ ಎಂದರೂ ಕಡತವನ್ನು ಸಹಿಗೆ ಕಳಿಸಿ. ಬಾಯಿಮಾತಿನ ಸೂಚನೆ ಬಂದರೆ ‘ಮೌಖಿಕ ಸೂಚನೆಯಂತೆ’ ಎಂದು ಬರೆದು ಅದೇ ದಿನ ಸಹಿ ಪಡೆಯಿರಿ. ನಾಳೆ ಆಡಿಟ್ ಆಕ್ಷೇಪ ಬಂದಾಗ ನಿಮ್ಮನ್ನೂ ನೌಕರನನ್ನೂ ಕಾಪಾಡುವುದು ಆ ಒಂದು ಸಾಲು.

ಮೊದಲ ತಿಂಗಳಲ್ಲಿ ಬೇರೇನೂ ಆಗದಿದ್ದರೂ ಹದಿನಾಲ್ಕು ಸರ್ವಿಸ್ ಬುಕ್‌ಗಳನ್ನು (ಪ್ರತಿ ನೌಕರನ ಸೇವಾ ದಾಖಲೆಯ ಪುಸ್ತಕ) ಮೊದಲ ಪುಟದಿಂದ ಓದಿ. ದಿನಕ್ಕೊಂದು ಓದಿದರೂ ಮೂರು ವಾರದಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಸ್ಪಾರ್ಕ್ (ಕೇರಳ ಸರಕಾರಿ ನೌಕರರ ಸೇವೆ, ವೇತನದ ಆನ್‌ಲೈನ್ ವ್ಯವಸ್ಥೆ) ತೆರೆದಿಟ್ಟು ಹೆಸರು, ಜನ್ಮದಿನಾಂಕ, ಸೇವೆಗೆ ಸೇರಿದ ದಿನ, ಮೂಲವೇತನ, ಮುಂದಿನ ಇನ್‌ಕ್ರಿಮೆಂಟ್ ದಿನಾಂಕ ಎರಡರಲ್ಲೂ ಒಂದೇ ಇವೆಯೇ ಎಂದು ನೋಡಿ. ನಮ್ಮ ಕಡೆ ಹೆಸರಿನಲ್ಲೇ ಹೆಚ್ಚು ತೊಡಕು. ಎಸ್ಸೆಸ್ಸೆಲ್ಸಿಯಲ್ಲಿ ‘ಭಟ್ಟ’, ಆಧಾರ್‌ನಲ್ಲಿ ‘ಭಟ್’. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಮನೆತನದ ಹೆಸರೇ ಬಿಡಿಸಿ ಬರೆದದ್ದು. ಸೇವೆಯಲ್ಲಿರುವಾಗ ಇದನ್ನು ಯಾರೂ ಲೆಕ್ಕಿಸುವುದಿಲ್ಲ. ನಿವೃತ್ತಿಯ ಹೊತ್ತಿಗೆ ಬ್ಯಾಂಕ್ ಖಾತೆ ಒಂದು ಹೆಸರಿನಲ್ಲಿ, ಪಿಂಚಣಿ ಕಾಗದ ಇನ್ನೊಂದು ಹೆಸರಿನಲ್ಲಿ ನಿಂತುಬಿಡುತ್ತದೆ. ಈಗಲೇ ಗುರುತು ಹಾಕಿ ಆ ನೌಕರರಿಗೆ ಲಿಖಿತವಾಗಿ ತಿಳಿಸಿ.

ಪ್ರತಿ ವರ್ಷದ ಸೇವೆಯನ್ನು ವೇತನ ಬಿಲ್ಲಿನೊಂದಿಗೆ ತಾಳೆ ನೋಡಿ ದೃಢೀಕರಿಸಿದ ನಮೂದು ಇದೆಯೇ ಎಂಬುದನ್ನೂ ಗಮನಿಸಿ. ವರ್ಗವಾಗಿ ಬಂದವರ ಪುಸ್ತಕದಲ್ಲಿ ಇದು ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಹಳೆಯ ಕಚೇರಿಯಲ್ಲಿ ಬಿಲ್ಲುಗಳು ಸಿಗುವಷ್ಟು ಕಾಲ ಸರಿಪಡಿಸುವುದು ಸುಲಭ, ಆಮೇಲೆ ತುಂಬ ಕಷ್ಟ. 56ನೇ ವಯಸ್ಸಿಗೆ ನಿವೃತ್ತರಾಗುವವರಿದ್ದರೆ ಅವರ ಪುಸ್ತಕವನ್ನು ಮೊದಲು ತೆಗೆಯಿರಿ. 2013ರ ಏಪ್ರಿಲ್ 1ರಂದು ಅಥವಾ ಆ ಬಳಿಕ ಸೇರಿ ಎನ್‌ಪಿಎಸ್‌ನಲ್ಲಿ (ರಾಷ್ಟ್ರೀಯ ಪಿಂಚಣಿ ಯೋಜನೆ) ಇರುವವರಿಗೆ ವಯಸ್ಸು 60 ಆದ್ದರಿಂದ ಅಲ್ಲಿ ಅಷ್ಟು ಅವಸರವಿಲ್ಲ. ನಾಮಿನೇಶನ್ ಮಾತ್ರ ಎಲ್ಲರದ್ದೂ ನೋಡಲೇಬೇಕು. ಪಿಎಫ್, ಗ್ರಾಚ್ಯುಯಿಟಿ, ಎಸ್‌ಎಲ್‌ಐ (ರಾಜ್ಯ ಜೀವವಿಮೆ), ಜಿಐಎಸ್ (ಗುಂಪು ವಿಮೆ), ಪ್ರತಿಯೊಂದಕ್ಕೂ ಬೇರೆ ಬೇರೆ. ಮದುವೆಗೆ ಮುಂಚೆ ತಾಯಿಯ ಹೆಸರು ಕೊಟ್ಟು ಹಾಗೆಯೇ ಬಿಟ್ಟವರಿರುತ್ತಾರೆ. ನೌಕರ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರೂ ನಿಮ್ಮ ಮೇಜಿನ ಮುಂದೆ ನಿಲ್ಲುವಂತಾಗಬಾರದು.

ರಜೆ ಲೆಕ್ಕದಲ್ಲಿ ಆಗುವ ತಪ್ಪುಗಳು ಬಹುತೇಕ ಒಂದೇ ಬಗೆಯವು. ಖಾಯಂ ನೌಕರರಿಗೆ ಮೊದಲ ವರ್ಷ ಕಳೆದ ಮೇಲೆ ಕರ್ತವ್ಯದ ಪ್ರತಿ 11 ದಿನಕ್ಕೆ 1 ದಿನ ಗಳಿಕೆ ರಜೆ. 330 ದಿನ ಕರ್ತವ್ಯದಲ್ಲಿದ್ದರೆ 30 ದಿನ. ಕ್ಯಾಷುವಲ್ ರಜೆ ಕರ್ತವ್ಯಕ್ಕೆ ಸೇರುತ್ತದೆ. ಗಳಿಕೆ ರಜೆ, ಅರ್ಧವೇತನ ರಜೆ ಸೇರುವುದಿಲ್ಲ. ಇದನ್ನು ಮರೆತು 365ನ್ನೇ 11ರಿಂದ ಭಾಗಿಸಿದರೆ ರಜೆ ಹೆಚ್ಚಾಗಿ ಜಮೆಯಾಗುತ್ತದೆ, ಸರೆಂಡರ್ ಹಣ (ರಜೆ ಬಿಟ್ಟುಕೊಟ್ಟು ಪಡೆದ ನಗದು) ವಾಪಸು ಕಟ್ಟಬೇಕಾಗುತ್ತದೆ. ವೇತನರಹಿತ ರಜೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ವೈದ್ಯಕೀಯ ಪ್ರಮಾಣಪತ್ರವಿಲ್ಲದೆ 40 ದಿನ ಹಾಗೆ ಹೋದರೆ ಮಾರ್ಚ್ 1ರ ಇನ್‌ಕ್ರಿಮೆಂಟ್ ಏಪ್ರಿಲ್ 10ಕ್ಕೆ ಸರಿಯುತ್ತದೆ. ತಿಂಗಳ ಮೊದಲ ದಿನದಿಂದ ಕೊಡುವ ನಿಯಮವಿರುವುದರಿಂದ ಏಪ್ರಿಲ್ 1ರಿಂದ ಸಿಗುತ್ತದೆ. ರಜೆ ಮಂಜೂರಾಗುವ ಮೊದಲೇ ಇದನ್ನು ಅರ್ಜಿದಾರರಿಗೆ ಹೇಳಿ. ನಿಯಮ ಬಲ್ಲವರು ಹೇಳದೆ ಉಳಿದು, ಗೊತ್ತಿಲ್ಲದವರು ಸಂಬಳ ಕಳೆದುಕೊಳ್ಳುವುದು ಅನ್ಯಾಯ.

ಹತ್ತು ಅಥವಾ ಹೆಚ್ಚು ಮಂದಿ ಇರುವ ಕಚೇರಿಯಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳ ದೂರುಗಳಿಗೆ ಆಂತರಿಕ ಸಮಿತಿ ಕಡ್ಡಾಯ. ತಾತ್ಕಾಲಿಕ ನೌಕರರೂ ಲೆಕ್ಕಕ್ಕೆ ಬರುತ್ತಾರೆ. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಅರ್ಧ ಮಂದಿ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು ಇರಬೇಕು. ಅವಧಿ ಗರಿಷ್ಠ 3 ವರ್ಷ. ಹಳೆಯ ಆದೇಶದ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಈ ವಾರವೇ ಟಿಪ್ಪಣಿ ಹಾಕಿ.

ಪ್ರಶ್ನೆ: ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಮೂಲಕ ತಾತ್ಕಾಲಿಕವಾಗಿ ಬಂದ ಒಬ್ಬರಿಗೆ ನೇಮಕದ ಅವಧಿಯಾದ 179 ದಿನ ಮುಗಿಯಿತು. ಆದೇಶವಿಲ್ಲದೆ ಮುಂದುವರಿಸಲು ಹೇಳುತ್ತಿದ್ದಾರೆ. ಮುಂದುವರಿಸಬಹುದೇ?

ಉತ್ತರ: ಆದೇಶವಿಲ್ಲದೆ ಒಂದು ದಿನವೂ ಬೇಡ. ಹಾಜರಿ ಪುಸ್ತಕದಲ್ಲಿ ಸಹಿ ಇದ್ದು ಆದೇಶ ಇಲ್ಲದಿದ್ದರೆ ಬಿಲ್ಲು ಪಾಸಾಗದೆ, ದುಡಿದವರಿಗೆ ಕೂಲಿ ಸಿಗುವುದಿಲ್ಲ. ನಷ್ಟ ಅವರಿಗೇ. ಅವಧಿ ಮುಗಿಯುವ ಒಂದು ತಿಂಗಳು ಮೊದಲೇ ಖಾಲಿ ಹುದ್ದೆಯನ್ನು ಪಿಎಸ್‌ಸಿಗೆ (ಲೋಕಸೇವಾ ಆಯೋಗ) ವರದಿ ಮಾಡಲಾಗಿದೆಯೇ ಎಂದು ಪರಿಶೀಲಿಸಿ, ಆಗದಿದ್ದರೆ ಮೇಲಿನವರಿಗೆ ಬರೆಯಿರಿ. ಖಾಯಮಾತಿಯ ಆಸೆ ತೋರಿಸುವ ಮಾತು ಯಾರಿಗೂ ಆಡಬೇಡಿ. 2006ರ ಏಪ್ರಿಲ್ 10ರ ಸುಪ್ರೀಂ ಕೋರ್ಟಿನ ಉಮಾದೇವಿ ತೀರ್ಪು, ಕರ್ನಾಟಕದಿಂದಲೇ ಹೋದ ಪ್ರಕರಣ, ಕ್ರಮಬದ್ಧವಲ್ಲದ ನೇಮಕಾತಿಗೆ ಖಾಯಮಾತಿಯ ಹಕ್ಕಿಲ್ಲ ಎಂದಿತು. ಆ ತೀರ್ಪನ್ನೇ ಗುರಾಣಿ ಮಾಡಿಕೊಂಡು ದೀರ್ಘಕಾಲ ದುಡಿಸಿಕೊಂಡವರನ್ನು ಹೊರಹಾಕಬಾರದೆಂದು 2024ರ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಪ್ರತಿ ನೇಮಕಾತಿಯ ಆದೇಶ, ಸೇರಿದ ದಿನ, ಬಿಟ್ಟ ದಿನ ನಿಖರವಾಗಿ ದಾಖಲಾಗಿರಲಿ. ಗುತ್ತಿಗೆದಾರರ ಮೂಲಕ ಬರುವ ಶುಚಿತ್ವ ಕೆಲಸದವರಿದ್ದರೆ, ಬಿಲ್ಲು ಪಾಸು ಮಾಡುವ ಮೊದಲು ಇಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟಿದ ರಸೀದಿ ಕೇಳಿ. ಕಟ್ಟುವ ಗಡುವು ಮುಂದಿನ ತಿಂಗಳ 15.

ಪ್ರಶ್ನೆ: ಲಾಸ್ಟ್ ಗ್ರೇಡ್ (ಕೊನೆಯ ದರ್ಜೆಯ) ನೌಕರರೊಬ್ಬರು ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದಾರೆ. ಮಲಯಾಳದಲ್ಲಿ ಬರೆದು ತರಲು ಹೇಳಬೇಕೇ?

ಉತ್ತರ: ಬೇಡ, ಸ್ವೀಕರಿಸಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಅರ್ಜಿಯ ಮೂಲವನ್ನು ಕಡತದಲ್ಲಿಟ್ಟು, ಕೆಳಗೆ ನಾಲ್ಕು ಸಾಲಿನ ಮಲಯಾಳ ಸಾರಾಂಶ ಬರೆದು, ಸಾರಾಂಶ ಬರೆದವರು ಸಹಿ ಹಾಕಿದರೆ ಮುಂದಿನ ಕೆಲಸ ಸಲೀಸು. ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಚೇರಿಯಿಂದ ಅವರಿಗೆ ಹೋಗುವ ಕಾಗದಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಲಯಾಳದ ಮೆಮೊ ಕೊಟ್ಟು ‘ಓದಿ ತಿಳಿದುಕೊಂಡೆ’ ಎಂದು ಸಹಿ ಹಾಕಿಸಿದರೆ, ಆ ಸಹಿ ಶಿಸ್ತುಕ್ರಮದ ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ; ಆ ಮನುಷ್ಯನಿಗೂ ತನ್ನ ಮೇಲಿನ ಆರೋಪ ಏನೆಂದು ತಿಳಿದಿರುವುದಿಲ್ಲ. ಮೆಮೊದ ಜೊತೆ ಕನ್ನಡ ಪ್ರತಿಯನ್ನೂ ಕೊಡಿ, ಉತ್ತರಕ್ಕಿರುವ ಕೊನೆಯ ದಿನಾಂಕವನ್ನು ಅಂಕಿಗಳಲ್ಲಿ ಬರೆಯಿರಿ, ಎರಡೂ ಪ್ರತಿ ತಲುಪಿದ್ದಕ್ಕೆ ಬೇರೆ ಬೇರೆ ಸಹಿ ಪಡೆಯಿರಿ.