ಕಪ್ಪಾದಷ್ಟೂ ಒಳ್ಳೆಯದಲ್ಲ, ತಮ್ಮಾ

ಪ್ರಶ್ನೆ: ಮೇಷ್ಟ್ರೇ, ಎರಡು ವರ್ಷದಿಂದ ಗ್ರಿಲ್ ವರ್ಕ್ಸಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದೇನೆ. ಕಣ್ಣಿಗೆ ಒಳ್ಳೆಯದೆಂದು 14ನೇ ನಂಬರಿನ ಕಪ್ಪು ಗ್ಲಾಸ್ ತಂದೆ. ಅದರಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚುಕ್ಕೆ ವೆಲ್ಡಿಂಗ್) ಹೊಡೆಯುವಾಗ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳುತ್ತೇನೆ. ಹೋದ ವಾರ ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ. ಅಜ್ಜಿ ಕಣ್ಣಿಗೆ ಎದೆಹಾಲು ಹಾಕಿಸಿದರು. ಸರಿಯಾದ ನಂಬರ್ ಯಾವುದು?
– ಒಬ್ಬ ಓದುಗ, ಹೊಸನಗರ

ಉತ್ತರ: ನಿನ್ನ ಕಣ್ಣು ಸುಟ್ಟಿದ್ದು ಆ 14ನೇ ನಂಬರಿನ ದೆಸೆಯಿಂದಲೇ. ನಂಬರ್ ಏರಿದಷ್ಟೂ ಗ್ಲಾಸು ಕಪ್ಪು; 14 ಎಂದರೆ 250 ಆಂಪಿಯರ್ ದಾಟಿದ ಭಾರೀ ಕೆಲಸದ ಗ್ಲಾಸು. ಗ್ರಹಣದ ದಿನ ಸೂರ್ಯನನ್ನು ನೋಡಲಿಕ್ಕೂ ಆಗುತ್ತದೆ, ಬೇಕಾದರೆ ಅದಕ್ಕೆ ಎತ್ತಿಟ್ಟುಕೋ. ಗ್ರಿಲ್ ಕೆಲಸಕ್ಕೆ ಹಿಡಿದರೆ ಕಾಣುವುದೇನು? ಕಾಣಲಿಲ್ಲವೆಂದು ಶೀಲ್ಡ್ ಪಕ್ಕಕ್ಕಿಟ್ಟೆ, ಕೂಲಿಂಗ್ ಗ್ಲಾಸ್ ಏರಿಸಿದೆ.

ಕೂಲಿಂಗ್ ಗ್ಲಾಸ್ ನೂರರಲ್ಲಿ ಹತ್ತು-ಹದಿನೈದು ಪಾಲು ಬೆಳಕನ್ನು ಒಳಗೆ ಬಿಡುತ್ತದೆ. ವೆಲ್ಡಿಂಗ್ ಲೆಕ್ಕದಲ್ಲಿ ಅದು 3ನೇ ನಂಬರಿನ ಆಸುಪಾಸು. 10ನೇ ನಂಬರ್ ಬಿಡುವುದು ಹತ್ತು ಸಾವಿರದಲ್ಲಿ ಒಂದೂವರೆ ಪಾಲೂ ಇಲ್ಲ. ಸಾವಿರ ಪಟ್ಟು ವ್ಯತ್ಯಾಸ ಮಾರಾಯ! ಗ್ಯಾಸ್ ಕಟಿಂಗಿನ 5ನೇ ನಂಬರ್ ಗಾಗಲ್ಸ್ ಹಾಕಿ ಆರ್ಕ್ (ಕರೆಂಟಿನ ವೆಲ್ಡಿಂಗ್) ಹೊಡೆಯುವವರನ್ನೂ ಕಂಡಿದ್ದೇನೆ. ಅದೂ ತಪ್ಪೇ.

ನಂಬರನ್ನು ರಾಡು ನೋಡಿ ಆರಿಸು. ಗ್ರಿಲ್ಲಿಗೆ ನೀನು ಬಳಸುವ 12 ಗೇಜ್, ಅಂದರೆ 2.5 ಮಿ.ಮೀ. ರಾಡು 60ರಿಂದ 90 ಆಂಪಿಯರಿನಲ್ಲಿ ಉರಿಯುತ್ತದೆ, 10 ಸಾಕು. ಅದಕ್ಕಿಂತ ದಪ್ಪನೆಯ 10 ಗೇಜ್ ರಾಡಿಗೆ 10 ಇಲ್ಲವೇ 11. ಇನ್ನೂ ದಪ್ಪನೆಯ 8 ಗೇಜ್ ರಾಡು ಹಾಕಿ ಚಾವಣಿ ಹೊರುವ ಟ್ರಸ್ ಕಟ್ಟುವವನು 11ಕ್ಕೆ ಹೋಗಲಿ, 12ಕ್ಕೆ ಹೋದರೂ ಸರಿ. ಮೆಷಿನ್ನಿನ ಮೇಲಿನ ಗುರುತನ್ನು ಪೂರ್ತಿ ನಂಬಬೇಡ. ನಮ್ಮ ಕಡೆ ಸಂಜೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಬಿದ್ದು ಆಂಪಿಯರೂ ಇಳಿಯುತ್ತದೆ.

ಮೊದಲು 11 ಹಾಕಿ ಒಂದು ಇಂಚು ಎಳೆ. ಬರೀ ಕಿಡಿ ಕಂಡರೆ 10ಕ್ಕೆ ಇಳಿ. ಕರಗಿದ ಕಬ್ಬಿಣದ ಅಂಚು, ಅದರ ಹಿಂದೆ ಬರುವ ಸ್ಲ್ಯಾಗು (ಮೇಲೆ ಕಟ್ಟುವ ಕಿಟ್ಟ) ಎರಡೂ ಬೇರೆಬೇರೆಯಾಗಿ ಕಂಡರೆ ಅದೇ ನಿನ್ನ ನಂಬರು. ಆರ್ಕ್ ಕೆಲಸಕ್ಕೆ 9ಕ್ಕಿಂತ ಕೆಳಗೆ ನಾನಂತೂ ಯಾರಿಗೂ ಹೇಳುವುದಿಲ್ಲ. ನಂಬರ್ ಇಳಿಸುವ ಮುಂಚೆ ಕಪ್ಪು ಗ್ಲಾಸಿನ ಮುಂದಿರುವ ಬಿಳಿ ಗ್ಲಾಸ್ ನೋಡು. ಕಿಡಿ ಸಿಡಿದು ಅದು ಮಂಜಾಗಿದ್ದರೆ ದೋಷ ಕಪ್ಪು ಗ್ಲಾಸಿನದಲ್ಲ. ನನಗೆ ನಲವತ್ತೆಂಟರಲ್ಲಿ 11 ಮಬ್ಬಾಯಿತೆಂದು 9 ಹಾಕಿಸಿದೆ, ಆಗಲೂ ಮಬ್ಬೇ. ಕೊನೆಗೆ ನೋಡಿದರೆ ಬೇಕಾಗಿದ್ದದ್ದು ಚಾಳೀಸು!

ಇನ್ನೊಂದು. ಕಪ್ಪು ತಡೆಯುವುದು ಕಣ್ಣು ಕೋರೈಸುವ ಬೆಳಕನ್ನು. ಉರಿ ತರುವುದು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಒಳ್ಳೆಯ ವೆಲ್ಡಿಂಗ್ ಗ್ಲಾಸ್ ಯಾವ ನಂಬರಿನದಾದರೂ ಅದನ್ನು ತಡೆಯುತ್ತದೆ. ನಂಬರೂ ಮಾನಕದ ಗುರುತೂ ಇಲ್ಲದ ಕಪ್ಪು ತುಂಡನ್ನು ಬಿಟ್ಟಿ ಕೊಟ್ಟರೂ ತರಬೇಡ. ದುಡ್ಡಿದ್ದರೆ, ಆರ್ಕ್ ಹತ್ತಿದೊಡನೆ ತಾನೇ ಕಪ್ಪಾಗುವ ಆಟೋ ಡಾರ್ಕ್ ಹೆಲ್ಮೆಟ್ ಕೊಳ್ಳು. ಟ್ಯಾಕ್ ಹೊಡೆಯುವವನಿಗೆ ಅದರಂಥ ಅನುಕೂಲ ಬೇರೆ ಇಲ್ಲ, ಶೀಲ್ಡ್ ಎತ್ತಿ ಇಳಿಸುವ ರಗಳೆಯೇ ಇರುವುದಿಲ್ಲ.

ಹಗಲು ಹೊಡೆದ ಆರ್ಕ್ ಆರರಿಂದ ಹನ್ನೆರಡು ಗಂಟೆ ಬಿಟ್ಟು ಉರಿಯುತ್ತದೆ, ಅದಕ್ಕೇ ನಿನಗೆ ರಾತ್ರಿ ಬಂತು. ಇಪ್ಪತ್ತರ ಪ್ರಾಯದಲ್ಲಿ ನಾನೂ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಬೆಳಗು ಮಾಡಿದವನೇ. ತಂಪಾಯಿತು, ಅಷ್ಟೇ. ಎದೆಹಾಲು ಬೇಡ ಎಂದು ಅಜ್ಜಿಗೆ ನಯವಾಗಿ ಹೇಳು. ಸುಟ್ಟ ಕಣ್ಣಿಗೆ ಸೋಂಕು ತಗುಲೀತು. ಮರಗಟ್ಟಿಸುವ ಡ್ರಾಪ್ಸನ್ನು ಯಾರೋ ಕೊಟ್ಟರೆಂದು ಮನೆಯಲ್ಲಿ ಬಿಟ್ಟುಕೊಳ್ಳಬೇಡ, ಗಾಯ ಮಾಯುವುದು ತಡವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ದೃಷ್ಟಿ ಮಂಜಾದರೆ, ಕಣ್ಣಿನ ಡಾಕ್ಟರ ಹತ್ತಿರ ಹೋಗು.

ಪ್ರಶ್ನೆ: ಅಡಿಕೆ ಅಂಗಳಕ್ಕೆ ಶೀಟ್ ಹೊದಿಸಲು ನಮ್ಮವರೇ ವೆಲ್ಡಿಂಗ್ ಮಾಡುತ್ತಿದ್ದಾರೆ. ನಾನು ಪೈಪ್ ಹಿಡಿಯುತ್ತೇನೆ. ಮುಖ ಆಚೆ ತಿರುಗಿಸಿದರೆ ಸಾಲದೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಸಾಲದು ತಂಗೀ. ಹೊಸ ಶೀಟಿಗೆ ಬಡಿದ ಬೆಳಕು ನೀವು ತಿರುಗಿದ ಕಡೆಯಿಂದಲೂ ಬರುತ್ತದೆ. ನಿಮಗೂ 10ನೇ ನಂಬರಿನ ಒಂದು ಹೆಲ್ಮೆಟ್ ಬೇಕು, ಕತ್ತು ಕೈ ಮುಚ್ಚುವ ದಪ್ಪ ಹತ್ತಿ ಬಟ್ಟೆಯೂ ಬೇಕು. ಇಲ್ಲವಾದರೆ ನಿಮ್ಮವರು ಎರಡು ಸಿ-ಕ್ಲ್ಯಾಂಪ್ ತರಲಿ. ಪೈಪನ್ನು ಅದು ಹಿಡಿಯುತ್ತದೆ, ನೀವು ಒಳಗೆ ಹೋಗಿ ಕಾಫಿ ಕುಡಿಯಿರಿ.